ಗಾಂಧಾರಕ್ಕೆ ಹಚ್ಚಿದ ಮೇಣ

ನನ್ನ ಕೈಯಲ್ಲಿ ಡಿಗ್ರಿ ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಕಿವಿಯಲ್ಲಿ ಹೇಳಿದ್ದಲ್ಲ. ಶನಿವಾರದ ಭಜನೆ ಮುಗಿದು ಎಲ್ಲರ ಕೈಗೂ ಕಡಲೆ ಉಸಲಿ ಬಂದಿದ್ದ ಹೊತ್ತಿನಲ್ಲಿ, ಇಪ್ಪತ್ತು ಜನರ ಎದುರು, ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳ ಹಾಕುತ್ತಾ ಹೇಳಿದರು.

"ಸಂಗೀತದಲ್ಲಿ ಡಿಗ್ರಿ ಅಂತೆ ಕಣ್ರಪ್ಪ. ನಾನು ಮೂವತ್ತು ವರ್ಷದಿಂದ ಈ ಪೆಟ್ಟಿಗೆ ಬಾರಿಸ್ತಾ ಇವ್ನಿ. ನಂಗ್ಯಾವನಾದ್ರೂ ಡಿಗ್ರಿ ಕೊಟ್ಟವ್ನಾ? ಇವ್ಳಿಗ್ ಕೊಡ್ತಾರಂತೆ. ಆಗಲ್ಲ ಬುಡು. ಬರ್ದಿಟ್ಕೊ."

ನಾನು ಬರೆದಿಟ್ಟುಕೊಂಡೆ. ಸಂಗೀತದ ನೋಟ್ ಬುಕ್ಕಿನ ಮೊದಲ ಪುಟದಲ್ಲೇ "ಆಗಲ್ಲ ಬುಡು" ಎಂದು ಬರೆದೆ. ಮೂರು ವರ್ಷ ಆ ಪುಟ ತೆರೆದಾಗಲೆಲ್ಲ ಬಂದಿದ್ದ ನಿದ್ದೆ ಹಾರಿಹೋಗುತ್ತಿತ್ತು.

ದೊಡ್ಡಪ್ಪನ ಮಾತಿಗೆ ಆಧಾರ ಇರಲಿಲ್ಲ ಎಂದಲ್ಲ. ನಮ್ಮ ವಂಶದಲ್ಲಿ ಓದಿನಲ್ಲಿ ಅತಿ ದೂರ ಹೋಗಿದ್ದವರು ಅವರೇ. ಪಿಯುಸಿಯಲ್ಲಿ ಒಂದೇ ಒಂದು ಸಬ್ಜೆಕ್ಟ್ ಕಳೆದುಕೊಂಡು ವಾಪಸ್ ಬಂದಿದ್ದರು. ಅದನ್ನು ನಮ್ಮವರೆಲ್ಲ ಗಡಿಕಲ್ಲಿನ ಹಾಗೆ ನೋಡುತ್ತಿದ್ದರು. ಅದರಿಂದಾಚೆ ಬೇರೆಯವರ ಜಮೀನು. ಅಪ್ಪ ಏಳನೇ ಕ್ಲಾಸು. ಎಸ್ಟೇಟಿನ ಮಿಷಿನ್ ರೂಮಿನಲ್ಲಿ ಕೆಲಸ. ಪಂಪ್ ಸೆಟ್ಟು, ಔಷಧಿ ಹೊಡೆಯುವ ಮಿಷಿನ್ನು, ಕಳೆ ಹೊಡೆಯುವ ಮಿಷಿನ್ನು, ಯಾವುದು ಕೆಟ್ಟರೂ ಅಪ್ಪನ ಮುಂದೆ ಬಂದು ಕೂರುತ್ತಿತ್ತು. ಅಮ್ಮ ಅದೇ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯಲು ಹೋಗುತ್ತಿದ್ದಳು. ಅಪ್ಪ, ದೊಡ್ಡಪ್ಪ ಇಬ್ಬರ ತಾಯಿಯಾದ ನಮ್ಮಜ್ಜಿ ಆಯುಷ್ಯವೆಲ್ಲ ಕಾಫಿ ಒಣಗಿಸುವ ಕಣದಲ್ಲಿ ಕಳೆದವಳು. ಒಣಗುತ್ತಿರುವ ಕಾಫಿಯನ್ನು ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಗಲಗಲ ಅಲ್ಲಾಡಿಸಿ, "ಇನ್ನೂ ಅರ್ಧ ದಿನ ಬಿಸ್ಲು ಬೇಕು" ಎನ್ನುತ್ತಿದ್ದಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ತೇವ ನೋಡುವ ಮಿಷಿನ್ನು ಹಿಡಿದು ನೋಡಿದರೆ ಅದೂ ಅಷ್ಟನ್ನೇ ಹೇಳುತ್ತಿತ್ತು.

ನಾನು ದಿನಾ ಬೆಳಗ್ಗೆ ಮೂರು ಮೈಲಿ ನಡೆದು ಬಾಳ್ಳುಪೇಟೆಯಲ್ಲಿ ಬಸ್ಸು ಹಿಡಿದು ಹಾಸನದ ಕಾಲೇಜಿಗೆ ಹೋಗಿ ಬಿ.ಎ. ಓದಿದೆ. ಸಂಗೀತ ಅದರಲ್ಲಿ ಒಂದು ವಿಷಯ. ಬಸ್ಸಿನಲ್ಲಿ ನಿಂತು ರಾಗಲಕ್ಷಣ ಬಾಯಿಪಾಠ ಮಾಡಿದ್ದರಿಂದ, ಈಗಲೂ ಕೆಲವು ರಾಗಗಳು ನೆನಪಾಗಬೇಕಾದರೆ ನನಗೆ ಮೇಲೆ ಕಂಬಿ ಹಿಡಿದ ಹಾಗೆ ಕೈ ಎತ್ತಬೇಕಾಗುತ್ತದೆ. ಇದನ್ನು ಕಷ್ಟ ಎಂದು ಹೇಳುತ್ತಿಲ್ಲ. ಹೆಮ್ಮೆ ಎಂದೇ ಹೇಳುತ್ತಿದ್ದೇನೆ.

ಕೊನೆಯ ವರ್ಷ ಎಲ್ಲರೂ ಒಂದು ಕಿರುಪ್ರಬಂಧ ಬರೆದು, ಅದರಲ್ಲಿ ಬರೆದದ್ದನ್ನು ಪರೀಕ್ಷಕರ ಎದುರು ಮಾಡಿ ತೋರಿಸಬೇಕಿತ್ತು. ಅದು ಪಾಸಾಗದಿದ್ದರೆ ಡಿಗ್ರಿಯೇ ಇಲ್ಲ. ನಮ್ಮ ಮೇಡಂ ನನಗೆ ಕೊಟ್ಟ ವಿಷಯ: ಹಾರ್ಮೋನಿಯಮ್ಮಿನ ಸ್ವರಗಳನ್ನು ಶುದ್ಧ ಶ್ರುತಿಗೆ ತಿದ್ದುವುದು.

ಮೇಡಂ ಇದನ್ನು ನನಗೆ ಅರ್ಥ ಮಾಡಿಸಿದ್ದು ಹೀಗೆ. ಕೆಳಗಿನ ಷಡ್ಜದಿಂದ ಮೇಲಿನ ಷಡ್ಜದವರೆಗೆ ಇರುವ ಜಾಗವನ್ನು ಪೆಟ್ಟಿಗೆ ಮಾಡುವವರು ಹನ್ನೆರಡು ಸಮಪಾಲು ಮಾಡಿಬಿಟ್ಟಿದ್ದಾರೆ. ಹನ್ನೆರಡು ಜನ ಅಣ್ಣತಮ್ಮಂದಿರಿಗೆ ಗದ್ದೆ ಯಾವುದು, ಕಲ್ಲುದಿಣ್ಣೆ ಯಾವುದು ನೋಡದೆ ಹಗ್ಗ ಹಿಡಿದು ಅಳೆದು ಕೊಟ್ಟ ಹಾಗೆ. ಜಗಳ ಇಲ್ಲ, ಆದರೆ ಯಾರೂ ತಮ್ಮ ನಿಜವಾದ ಜಾಗದಲ್ಲಿಲ್ಲ. ಗಾಂಧಾರ, ಧೈವತ, ನಿಷಾದ ಮೂವರೂ ತಮ್ಮ ಜಾಗಕ್ಕಿಂತ ಚೂರು ಮೇಲೆ ಕೂತಿದ್ದಾರೆ. ಎಷ್ಟು ಮೇಲೆ? ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ದೂರವನ್ನು ನೂರು ಪಾಲು ಮಾಡಿದರೆ ಗಾಂಧಾರ ಹದಿನಾಲ್ಕು ಪಾಲು, ಧೈವತ ಹದಿನಾರು, ನಿಷಾದ ಹನ್ನೆರಡು. ಷಡ್ಜ ಗಾಂಧಾರ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಸಣ್ಣಗೆ ನಡುಗುತ್ತದಲ್ಲ, ಆ ನಡುಕ ಇದರದ್ದೇ. ಗಾಂಧಾರವನ್ನು ಹದಿನಾಲ್ಕು ಪಾಲು ಇಳಿಸಿದರೆ ನಡುಕ ನಿಂತು ಎರಡೂ ಒಂದೇ ಸ್ವರದ ಹಾಗೆ ಕೂತುಬಿಡುತ್ತವೆ.

"ಇಷ್ಟು ಮಾಡಿ ತೋರಿಸು. ನೀನು ಪಾಸು" ಎಂದರು ಮೇಡಂ.

ಕಾಲೇಜಿನ ಪೆಟ್ಟಿಗೆಯ ತಿದಿಯನ್ನು ಇಲಿ ತಿಂದು ವರ್ಷವಾಗಿತ್ತು. ನನಗೆ ಗೊತ್ತಿದ್ದ ಇನ್ನೊಂದು ಪೆಟ್ಟಿಗೆ ಇಡೀ ಊರಿಗೆ ಒಂದೇ. ಅದು ದೊಡ್ಡಪ್ಪನ ಕೈಯಲ್ಲಿತ್ತು.

ನಮ್ಮ ಭಜನೆಮನೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಹಾರ್ಮೋನಿಯಮ್ಮಿನಲ್ಲಿ ಒತ್ತುವ ಪಟ್ಟಿಗೆ ನಾವು ಮನೆ ಎನ್ನುತ್ತೇವೆ: ಬಿಳಿ ಒಂದು, ಬಿಳಿ ಎರಡು, ಕರಿ ಒಂದು, ಹೀಗೆ. ಹಾಡುವವರು ಒಬ್ಬೊಬ್ಬರೂ ಒಂದೊಂದು ಮನೆಯನ್ನು ಷಡ್ಜ ಮಾಡಿಕೊಂಡಿರುತ್ತಾರೆ. ಅದು ಅವರ ಗಂಟಲಿಗೆ ಹೊಂದುತ್ತದೋ ಇಲ್ಲವೋ ಬೇರೆ ಮಾತು. ಅದು ಅವರ ಮನೆ. ಯಾರದ್ದು ಯಾವುದೆಂದು ತಪ್ಪಬಾರದೆಂದು ದೊಡ್ಡಪ್ಪ ಮನೆಗಳ ಮೇಲೆ ದೊಡ್ಡಮ್ಮನ ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದರು. ಬಿಳಿ ಒಂದರ ಮೇಲೆ ಹಸಿರು ಬೊಟ್ಟು, ಅದು ಅಂಗಡಿ ಇಟ್ಟಿದ್ದ ಮಾವನದು. ಬಿಳಿ ಎರಡರ ಮೇಲೆ ದೊಡ್ಡ ಕೆಂಪು ಬೊಟ್ಟು, ಅದು ಸ್ವತಃ ದೊಡ್ಡಪ್ಪನದು, ಅವರಪ್ಪನಿಂದ ಬಂದದ್ದು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಹಾಡುವಂತಿಲ್ಲ. ಒಮ್ಮೆ ಊರಿನ ಹೊಸ ಅಳಿಯನೊಬ್ಬ ತಿಳಿಯದೆ ಅಂಗಡಿ ಮಾವನ ಹಸಿರು ಬೊಟ್ಟಿನಿಂದ ಎತ್ತಿಕೊಂಡು ಹಾಡಿಬಿಟ್ಟ. ಆರು ತಿಂಗಳು ಅವನಿಗೆ ಆ ಅಂಗಡಿಯಲ್ಲಿ ಹಳೇ ಬನ್ನೇ ಸಿಕ್ಕಿತು.

ಪೆಟ್ಟಿಗೆ ಕೇಳಲು ಹೋದೆ.

"ಯಾಕೆ?" ಎಂದರು ದೊಡ್ಡಪ್ಪ.

"ಪರೀಕ್ಷೆಗೆ ದೊಡ್ಡಪ್ಪ. ಸ್ವರ ತಿದ್ದೋದು ನೋಡ್ಬೇಕು."

"ಏನ್ ಕೆಟ್ಟೋಗೈತೆ ಅಂತ ತಿದ್ದೋದು?"

"ಕೆಟ್ಟಿಲ್ಲ. ಗಾಂಧಾರ ಒಂಚೂರು ಮೇಲೈತೆ."

"ನನ್ ಗಾಂಧಾರ?" ಎಂದು ಅವರು ದೊಡ್ಡಮ್ಮನ ಕಡೆ ತಿರುಗಿದರು. "ಕೇಳಿದ್ಯಾ? ಮೂವತ್ತು ವರ್ಷದಿಂದ ಮೇಲೈತಂತೆ."

"ನೀವೂ ಮೂವತ್ತು ವರ್ಷದಿಂದ ಮೇಲೇ ಇದೀರಲ್ಲ, ಒಂದ್ಸಲ ಇಳೀರಿ, ಕೊಡಿ ಮಗೀಗೆ" ಎಂದರು ದೊಡ್ಡಮ್ಮ.

ಪೆಟ್ಟಿಗೆ ಸಿಕ್ಕಿತು. ಷರತ್ತು ಒಂದೇ: ಪ್ರತಿ ಶನಿವಾರ ಸಂಜೆ ಐದಕ್ಕೆ ಅದು ಭಜನೆಮನೆಯಲ್ಲಿರಬೇಕು, ಹೇಗೆ ಹೋಯಿತೋ ಹಾಗೇ.

ಮನೆಯಲ್ಲಿ ಇದ್ದ ಒಂದೇ ಮೇಜಿನ ಮೇಲೆ ಅದನ್ನಿಟ್ಟು ಬಿಚ್ಚಿದೆ. ಒಳಗೆ ಸಾಲಾಗಿ ಹಿತ್ತಾಳೆಯ ನಾಲಿಗೆಗಳು, ರೀಡು ಎನ್ನುತ್ತಾರೆ. ಗಾಳಿ ಬಂದಾಗ ನಡುಗಿ ಸ್ವರ ಕೊಡುವುದು ಅವೇ. ಒಂದು ತುದಿ ಮೊಳೆ ಹೊಡೆದು ಕೂರಿಸಿದ್ದು, ಅದು ಬುಡ. ಇನ್ನೊಂದು ತುದಿ ಗಾಳಿಗೆ ಬಿಟ್ಟದ್ದು. ಬುಡದಲ್ಲಿ ಚೂರು ಕೆರೆದರೆ ಸ್ವರ ಇಳಿಯುತ್ತದೆ, ತುದಿಯಲ್ಲಿ ಕೆರೆದರೆ ಏರುತ್ತದೆ ಎಂದು ಮೇಡಂ ಹೇಳಿಕೊಟ್ಟಿದ್ದರು. ಈ ವಿಷಯ ನಾನು ಮನೆಯಲ್ಲಿ ಯಾರಿಗೂ ವಿವರಿಸಲಿಲ್ಲ. ಓದಿದವಳು ನಾನೊಬ್ಬಳೇ ಎಂಬ ಜಂಬ ಇತ್ತು. ಅದಕ್ಕೆ ತಕ್ಕ ಶಾಸ್ತಿ ಆಯಿತು.

ಮೊದಲ ಸಂಜೆ ನಡುವಿನ ಗಾಂಧಾರದ ಬುಡವನ್ನು ಸಣ್ಣ ಅರದಲ್ಲಿ ಎಳೆ ಎಳೆಯಾಗಿ ಉಜ್ಜಿದೆ. ಶ್ರುತಿ ತೋರಿಸುವ ಆಪ್ ಮೊಬೈಲಿನಲ್ಲಿತ್ತು. ಸರಿಯಾಗಿ ಹದಿನಾಲ್ಕು ಪಾಲು ಇಳಿದಿದ್ದನ್ನು ನೋಡಿ, ನನಗೆ ನಾನೇ ಶಭಾಷ್ ಹೇಳಿಕೊಂಡು ಮಲಗಿದೆ.

ಬೆಳಗ್ಗೆ ಒತ್ತಿ ನೋಡಿದರೆ ಗಾಂಧಾರ ವಾಪಸ್ ತನ್ನ ಹಳೇ ಜಾಗಕ್ಕೆ ಹೋಗಿತ್ತು. ಒಂದು ಕೂದಲೆಳೆ ಮೇಲೇ ಹೋಗಿತ್ತು.

ಮತ್ತೆ ಸಂಜೆ ಉಜ್ಜಿದೆ. ಇಳಿಯಿತು. ಬೆಳಗ್ಗೆ ಏರಿತ್ತು. ಮೂರನೇ ದಿನವೂ ಅದೇ. ಆಗ ಕಾಫಿ ಕುಯ್ಲು ಮುಗಿಯುತ್ತಿದ್ದ ಕಾಲ, ಬೆಳಗಿನ ಹೊತ್ತು ಎದುರು ಮನೆಯೂ ಕಾಣದಷ್ಟು ಮಂಜು. ನನ್ನ ತಲೆಗೆ ಹೊಳೆಯಿತು: ಮಂಜು! ರಾತ್ರಿಯ ತಣ್ಣನೆ ತೇವಕ್ಕೆ ಹಿತ್ತಾಳೆ ಬಿಗಿದು ಸ್ವರ ಏರುತ್ತಿದೆ.

ಮೇಡಂಗೆ ಫೋನ್ ಮಾಡಿದೆ. ಮಂಜಿನ ಮಾತು ಹೇಳಿದೆ.

"ದಿನಾ ಅಷ್ಟೇ ಏರುತ್ತಾ?"

"ದಿನಾ ಅಷ್ಟೇ ಮೇಡಂ."

"ಇದು ಯಾರೂ ಬರೆದಿಲ್ಲ ಕಣೇ. ಬರಿ. ಒಂದು ಅಧ್ಯಾಯ ಮಾಡು."

ಐದು ದಿನದ ಲೆಕ್ಕ ಹಾಕಿ ಬರೆದೆ. ನಾಲ್ಕನೇ ಅಧ್ಯಾಯ: ಮಲೆನಾಡಿನ ಮಂಜು ಮತ್ತು ಗಾಂಧಾರದ ಏರಿಕೆ. ಹನ್ನೊಂದು ಪುಟ. ಕಾಲೇಜಿಗೆ ಕೊಡಲು ಕೊನೇ ದಿನ ಶುಕ್ರವಾರ, ಹಾಗಾಗಿ ಸಕಲೇಶಪುರಕ್ಕೆ ಹೋಗಿ ಟೈಪ್ ಮಾಡಿಸಿ, ನೀಲಿ ರಟ್ಟು ಹಾಕಿಸಿ ಕೊಟ್ಟೂ ಬಿಟ್ಟೆ. ಶನಿವಾರ ಪೆಟ್ಟಿಗೆ ಭಜನೆಗೆ ಹೋಯಿತು. ಯಾರಿಗೂ ಏನೂ ಗೊತ್ತಾಗಲಿಲ್ಲ. ಗೊತ್ತಾಗಲು ಅದರಲ್ಲಿ ಏನೂ ಬದಲಾಗಿರಲೇ ಇಲ್ಲ.

ಭಾನುವಾರ ಪೆಟ್ಟಿಗೆ ತಂದು ಸಂಜೆ ಮತ್ತೆ ಉಜ್ಜಿದೆ. ಈ ಸಲ ಮಂಜನ್ನು ಕೈಯಾರೆ ಹಿಡಿಯಬೇಕು, ಯಾವ ಗಳಿಗೆಯಲ್ಲಿ ಸ್ವರ ಏರುತ್ತದೆಂದು ನೋಡಬೇಕು ಎಂದು ಸೋಮವಾರ ಬೆಳಗ್ಗೆ ಐದೂವರೆಗೇ ಎದ್ದು ಬಂದೆ.

ಅಪ್ಪ ಕನ್ನಡಕ ಹಾಕಿಕೊಂಡು, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಪೆಟ್ಟಿಗೆಯ ಮೇಲೆ ಬಗ್ಗಿ ನನ್ನ ಗಾಂಧಾರದ ತುದಿಯನ್ನು ಉಜ್ಜುತ್ತಿದ್ದ.

"ಅಪ್ಪಾ! ಏನ್ ಮಾಡ್ತಿದೀಯಾ?"

ಅಪ್ಪ ಟಾರ್ಚು ತೆಗೆದ. "ಮೆಲ್ಲಗೆ ಮಾತಾಡು, ನಿಮ್ಮವ್ವ ಎದ್ದಾಳು. ನೀನು ದಿನಾ ಮರೀತೀಯ ಕಣವ್ವ. ಒಂದೇ ಕಡೆ ಉಜ್ಜಿ ಮಲಕೊಂಬುಡ್ತೀಯ. ನಾನು ಇನ್ನೊಂದ್ ಕಡೆ ಸರಿ ಮಾಡ್ತಾ ಇವ್ನಿ."

"ದಿನಾ?"

"ದಿನಾನೂವೆ. ನೀನು ಹನ್ನೆರಡು ಎಳೆ ಎಳೆದ್ರೆ ನಾನೂ ಹನ್ನೆರಡು. ಗುರ್ತು ಕಾಣ್ತದಲ್ಲ. ಒಂದೂ ಹೆಚ್ಚೂಕಮ್ಮಿ ಮಾಡಿಲ್ಲ."

ಅಪ್ಪನ ಕಸುಬಿನಲ್ಲಿ ಅದು ದೊಡ್ಡ ನೇಮ. ಕಳೆ ಹೊಡೆಯುವ ಮಿಷಿನ್ನಿನ ಬ್ಲೇಡಿಗೆ ಎರಡು ತುದಿ. ಒಂದು ತುದಿಯನ್ನು ಮಾತ್ರ ಮಸೆದರೆ ತೂಕ ತಪ್ಪಿ, ಹಿಡಿದವನ ಹಲ್ಲು ಉದುರುವ ಹಾಗೆ ಮಿಷಿನ್ನು ನಡುಗುತ್ತದೆ. ಈ ಕಡೆ ಎಷ್ಟೋ ಆ ಕಡೆಯೂ ಅಷ್ಟೇ. ಪೆಟ್ಟಿಗೆಯಲ್ಲೂ ನಡುಕ ನಿಲ್ಲಿಸಬೇಕು ಎಂದು ಪೆಟ್ಟಿಗೆ ತಂದ ದಿನವೇ ನಾನು ಮೇಡಂಗೆ ಫೋನಿನಲ್ಲಿ ಹೇಳಿದ್ದು ಅಪ್ಪನ ಕಿವಿಗೆ ಬಿದ್ದಿತ್ತು. ಮಗಳು ಪುಸ್ತಕ ಓದಿದ್ದಾಳೆ, ಪಾಪ, ಬ್ಲೇಡ್ ಮಸೆದು ಗೊತ್ತಿಲ್ಲ ಎಂದುಕೊಂಡು, ನನ್ನ ಮರ್ಯಾದೆ ಉಳಿಸಲು ಯಾರಿಗೂ ಹೇಳದೆ ತಿದ್ದುತ್ತಿದ್ದ.

ನಾನು ಮೇಜಿನ ಕೆಳಗೆ ಕೂತು ಅತ್ತೆನೋ ನಕ್ಕೆನೋ ಈಗ ನೆನಪಿಲ್ಲ. ಹನ್ನೊಂದು ಪುಟದ ಮಂಜು ನೀಲಿ ರಟ್ಟಿನಲ್ಲಿ ಹಾಸನದಲ್ಲಿತ್ತು.

ವಿಷಯ ತಿಳಿದ ಮೇಲೆ ಅಪ್ಪ ಮಂಕಾದ. ಆ ದಿನದ ಹನ್ನೆರಡೂ ಎಳೆ ಎಳೆದು ಆಗಿತ್ತು. ರೀಡನ್ನು ಬೆಳಕಿಗೆ ಹಿಡಿದು ನೋಡಿ, "ಇನ್ನು ಉಜ್ಜಿದ್ರೆ ಕಾಗದ ಆಯ್ತದೆ. ಮುರೀತದೆ. ನಿಮ್ ದೊಡ್ಡಪ್ಪ ನಮ್ಮಿಬ್ರುನ್ನೂ ಮುರೀತಾನೆ" ಎಂದ. ಪರೀಕ್ಷೆ ಮುಂದಿನ ಸೋಮವಾರ. ತಿದ್ದಬೇಕಾದ ಸ್ವರ ಮೂರು, ಪೆಟ್ಟಿಗೆಯಲ್ಲಿ ಮೂರು ಸ್ಥಾಯಿ, ಒಟ್ಟು ಒಂಬತ್ತು ರೀಡು. ಒಂದು ವಾರದಲ್ಲಿ ನಾವು ತಂದೆ ಮಗಳು ಸೇರಿ ಒಂದನ್ನು ಸವೆಸಿದ್ದೆವು, ತಿದ್ದಿರಲಿಲ್ಲ.

ಮೇಡಂಗೆ ಫೋನ್ ಮಾಡಿ ನಿಜ ಹೇಳಿದೆ. ಅವರು, "ಪರೀಕ್ಷಕರು ನಾಲ್ಕನೇ ಅಧ್ಯಾಯ ಓದದೇ ಇರಲಿ ಅಂತ ಮನೆದೇವರಿಗೆ ಹರಕೆ ಹೊತ್ಕೋ" ಎಂದರು.

ದಾರಿ ಹುಡುಕಿದವನು ಅಪ್ಪನೇ. ಕೆಲಸಕ್ಕೆ ಹೋದವನು ಹತ್ತು ಗಂಟೆಗೆ ಮಿಷಿನ್ ರೂಮಿನಿಂದ ಫೋನ್ ಮಾಡಿದ. "ಲೇ, ತುದೀಲಿ ಕೆರೆದ್ರೆ ಏರ್ತದೆ ಅಂದ್ಯಲ್ಲ. ಅಂದ್ರೆ ತೂಕ ತೆಗೆದ್ರೆ ಏರ್ತದೆ. ಹಂಗಾರೆ ತುದಿಗೆ ತೂಕ ಹಾಕಿದ್ರೆ ಇಳೀಬೇಕಲ್ವಾ?"

ಇಳಿಯಬೇಕು. ಪುಸ್ತಕದಲ್ಲೂ ಹಾಗೇ ಇತ್ತು. ನಾನು ಆ ಪುಟ ಓದಿರಲಿಲ್ಲ, ಅಷ್ಟೇ. ಆದರೆ ಅಷ್ಟು ಸಣ್ಣ ತುದಿಗೆ ಏನು ಅಂಟಿಸುವುದು? ಸೀಸ ಕರಗಿಸಿ ಹಾಕಿದರೆ ತೆಗೆಯಲು ಬರುವುದಿಲ್ಲ. ಗೋಡೆಗೊರಗಿ ಕೂತಿದ್ದ ಅಜ್ಜಿ ತನ್ನ ತಗಡಿನ ಡಬ್ಬಿ ಮುಂದೆ ತಳ್ಳಿದಳು. ಕಾಲು ಒಡಕಿಗೆ ಹಚ್ಚಲು ಜೇನುಮೇಣಕ್ಕೆ ಬೇವಿನೆಣ್ಣೆ ಬೆರೆಸಿ ಅವಳೇ ಕುದಿಸಿ ಮಾಡಿಟ್ಟುಕೊಂಡದ್ದು.

"ಇದ್ ಹಾಕು. ನನ್ ಹಿಮ್ಮಡೀಲಿ ಮೂರು ದಿನ ನಿಲ್ತದೆ, ನಿನ್ ಹಿತ್ತಾಳೇಲಿ ನಿಲ್ಲಲ್ವಾ?"

ಅರ್ಧ ಸಾಸಿವೆಯಷ್ಟು ಮೇಣವನ್ನು ಸೂಜಿಮೊನೆಯಲ್ಲಿ ತೆಗೆದು ರೀಡಿನ ತುದಿಗೆ ಕೂರಿಸಿದೆ. ಗಾಂಧಾರ ಇಳಿಯಿತು. ಬಹಳ ಇಳಿಯಿತು, ಹೊಟ್ಟೆನೋವು ಬಂದವರ ಹಾಗೆ. ಚೂರು ತೆಗೆದೆ. ಆಪ್ ನೋಡುತ್ತಾ, ತೆಗೆಯುತ್ತಾ ಹಾಕುತ್ತಾ ಸಂಜೆಯಾಯಿತು. ಆಪ್ ಒಂದು ಸಲ ಹದಿಮೂರು ಎಂದರೆ ಇನ್ನೊಂದು ಸಲ ಹದಿನಾರು ಎನ್ನುತ್ತಿತ್ತು. ಕೊನೆಗೆ ಅಜ್ಜಿಗೇ ರೇಗಿತು.

"ಆ ಮೊಬೈಲ್ ಮಡಗತ್ತ. ಎರಡೂ ಒಟ್ಟಿಗೆ ಒತ್ತು."

ಷಡ್ಜ, ಗಾಂಧಾರ ಒಟ್ಟಿಗೆ ಒತ್ತಿದೆ. ಅಜ್ಜಿ ಕಣ್ಣು ಮುಚ್ಚಿ, ಕಾಫಿ ಕಾಳು ಕೇಳುವ ಹಾಗೆ ಕಿವಿ ಓರೆ ಮಾಡಿದಳು.

"ನಡುಗ್ತೈತೆ... ಇನ್ನೂ ನಡುಗ್ತೈತೆ... ಒಂಚೂರು ತೆಗಿ... ಜಾಸ್ತಿ ತೆಗೆದ್ಬುಟ್ಟೆ, ಹಾಕು... ನಿಂತ್ಕಂತು. ಮುಟ್ಟಬ್ಯಾಡ!"

ಮೊಬೈಲ್ ನೋಡಿದೆ. ಸರಿಯಾಗಿ ಹದಿನಾಲ್ಕು.

ಮಂಗಳವಾರದಿಂದ ಶುಕ್ರವಾರದವರೆಗೆ ಅಜ್ಜಿ ಕೂತಲ್ಲೇ ಕೂತು ಕೇಳಿದಳು, ನಾನು ಮೇಣ ಹಚ್ಚಿದೆ. ಮೇಜು ಪೆಟ್ಟಿಗೆಯ ಪಾಲಾದ್ದರಿಂದ ಅಮ್ಮ ತಟ್ಟೆಗಳನ್ನು ನೆಲದ ಮೇಲಿಟ್ಟು ಬಡಿಸಿದಳು. "ಇದ್ಯಾವ ಸೀಮೆ ಪರೀಕ್ಷೆಯೋ, ಮನೆ ತುಂಬ ಹಿಮ್ಮಡಿ ವಾಸ್ನೆ" ಎಂದು ಗೊಣಗಿ ಕುಯ್ಲಿಗೆ ಹೋಗುತ್ತಿದ್ದಳು. ಶುಕ್ರವಾರ ಸಂಜೆ ಒಂಬತ್ತೂ ರೀಡು ಸರಿಯಾದವು. ಬಿಳಿ ಒಂದರಿಂದ ಷಡ್ಜ ಹಿಡಿದು ಬಾರಿಸಿದರೆ ಪೆಟ್ಟಿಗೆ ಜೇನು ಸುರಿದ ಹಾಗೆ ಕೇಳುತ್ತಿತ್ತು. ಬಿಳಿ ಒಂದನ್ನೇ ಯಾಕೆ ಹಿಡಿದೆ ಎಂದರೆ ಮೇಡಂ ಕೊಟ್ಟ ಪಟ್ಟಿ ಅಲ್ಲಿಂದ ಶುರುವಾಗಿತ್ತು. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ. ಯೋಚಿಸಬೇಕಿತ್ತು. ನಡುವೆ ಶನಿವಾರ ಇತ್ತಲ್ಲ.

ಹೇಗಿತ್ತೋ ಹಾಗೆ ವಾಪಸ್ ಕೊಡಬೇಕಾದರೆ ಮೇಣ ತೆಗೆಯಬೇಕು. ತೆಗೆದರೆ ಸೋಮವಾರಕ್ಕೆ ಮತ್ತೆ ಹಚ್ಚಲು ದಿನವಿಲ್ಲ. ಹದಿನಾಲ್ಕು ಪಾಲು ವ್ಯತ್ಯಾಸ ನಮ್ಮ ಭಜನೆಯವರಿಗೆ ಎಲ್ಲಿ ತಿಳಿಯುತ್ತದೆ ಎಂದುಕೊಂಡು ಹಾಗೇ ಕೊಟ್ಟೆ. ಅಪ್ಪ, ಅಜ್ಜಿ, ನಾನು ಮೂವರೂ ಭಜನೆಮನೆಯ ಕಂಬದ ಹಿಂದೆ ಕೂತೆವು.

ಮೊದಲು ಅಂಗಡಿ ಮಾವ, ಹಸಿರು ಬೊಟ್ಟಿನಿಂದ. ಅವರು ಬಾಯಿ ತೆರೆದ ಕೂಡಲೇ ಜನ ತಿರುಗಿ ನೋಡಿದರು. ಮಾವನಿಗೇ ಆಶ್ಚರ್ಯವಾಗಿ ಒಂದು ಚರಣ ಹೆಚ್ಚಿಗೆ ಹಾಡಿದರು. "ಏನ್ ಮಾರಾಯ, ಪೆಟ್ಟಿಗೆಗೆ ಎಣ್ಣೆ ಬುಟ್ಯಾ?" ಎಂದು ಯಾರೋ ಕೇಳಿದರು. ದೊಡ್ಡಪ್ಪ ತಾವೇ ಮಾಡಿದವರ ಹಾಗೆ ತಲೆಯಾಡಿಸಿದರು.

ಆಮೇಲೆ ಅವರ ಸರದಿ. ಕೆಂಪು ಬೊಟ್ಟಿನ ಮೇಲೆ ಬೆರಳಿಟ್ಟು, ಷಡ್ಜ ಪಂಚಮ ಒಟ್ಟಿಗೆ ಒತ್ತಿ ಹಿಡಿದರು.

ಪೆಟ್ಟಿಗೆ ನರಿ ಊಳಿಟ್ಟ ಹಾಗೆ ಊಳಿಟ್ಟಿತು.

ತಾಳ ಹಾಕುತ್ತಿದ್ದವರು ತಾಳ ನಿಲ್ಲಿಸಿ ಅದನ್ನೇ ತಿರುಗಿಸಿ ನೋಡಿದರು. ಏನಾಗಿತ್ತೆಂದರೆ, ಬಿಳಿ ಒಂದರವರಿಗೆ ಯಾವುದು ಧೈವತವೋ ಅದೇ ಮನೆ ಬಿಳಿ ಎರಡರವರಿಗೆ ಪಂಚಮ. ಅಂಗಡಿ ಮಾವನ ಧೈವತ ಸರಿಹೋಗಲು ನಾನು ಅದನ್ನು ಹದಿನಾರು ಪಾಲು ಇಳಿಸಿದ್ದೆ. ದೊಡ್ಡಪ್ಪನ ಪಂಚಮ ಹದಿನಾರು ಪಾಲು ಕುಸಿದಿತ್ತು. ಗಾಂಧಾರ ಚೂರು ಹೆಚ್ಚುಕಮ್ಮಿಯಾದರೆ ಕಿವಿ ಸಹಿಸುತ್ತದೆ. ಪಂಚಮ ಅಷ್ಟು ಕುಸಿದರೆ ಸಹಿಸುವುದಿಲ್ಲ. ಒಬ್ಬರ ಷಡ್ಜಕ್ಕೆ ತಿದ್ದಿದ ಪೆಟ್ಟಿಗೆ ಇನ್ನೊಬ್ಬರಿಗೆ ಆಗುವುದಿಲ್ಲ, ಅದಕ್ಕೇ ಸಮಪಾಲು ಮಾಡಿದ್ದಾರೆ ಎಂದು ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ನಾನೇ ಬರೆದಿದ್ದೆ.

ದೊಡ್ಡಪ್ಪನಿಗೆ ಪೆಟ್ಟಿಗೆಯ ಮೇಲೆ ಅನುಮಾನ ಬರಲಿಲ್ಲ. ಈಗತಾನೇ ಅಂಗಡಿ ಮಾವನಿಗೆ ಅದು ಅಷ್ಟು ಚೆನ್ನಾಗಿ ನುಡಿದಿದೆ. ಅವರು ಕೆಮ್ಮಿದರು. ಮೆಣಸಿನ ನೀರು ತರಿಸಿ ಕುಡಿದರು. ಮತ್ತೆ ಎತ್ತಿಕೊಂಡರು, ಮತ್ತೆ ನರಿ. ಮೂರನೇ ಸಲ ಅವರ ಕೈ ತಿದಿಯ ಮೇಲೇ ನಿಂತಿತು.

"ಗಂಟ್ಲು ಹೋಯ್ತು ಅಂತ ಕಾಣ್ತದೆ ಕಣ್ರಪ್ಪ ನಂದು" ಎಂದರು, ತಗ್ಗಿದ ದನಿಯಲ್ಲಿ.

ಸುಮ್ಮನಿದ್ದಿದ್ದರೆ ಸೋಮವಾರ ದಾಟುತ್ತಿತ್ತು. ಹೇಳಿದರೆ ಅಲ್ಲೇ ಮೇಣ ಕೆರೆಸಿ ಹಾಕುತ್ತಾರೆ, ಮೂರು ವರ್ಷದ ಡಿಗ್ರಿ ಅದರ ಜೊತೆ ಹೋಗುತ್ತದೆ. ಅಪ್ಪ ನನ್ನ ಮುಖ ನೋಡಿದ. ನಾನು ಎದ್ದು ನಿಂತೆ.

"ಗಂಟ್ಲಲ್ಲ ದೊಡ್ಡಪ್ಪ. ನಾನೇ. ನಿಮ್ ಪಂಚಮಕ್ಕೆ ಮೇಣ ಹಚ್ಚಿದೀನಿ."

"ಏನ್ ಹಚ್ಚಿದ್ಯಾ?"

"ಅಜ್ಜಿ ಕಾಲು ಒಡಕಿನ ಮೇಣ."

ಅಂಗಡಿ ಮಾವ ಕಿಸಕ್ಕೆಂದರು. ದೊಡ್ಡಪ್ಪ ಕೆಂಡವಾದರು.

"ನನ್ ಪಂಚಮ ಕಿತ್ತು ಇವ್ನಿಗ್ ಧೈವತ ಮಾಡ್ಕೊಟ್ಯಾ? ಈ ಅಂಗ್ಡಿಯೋನ್ಗೆ? ತೆಗಿಯೇ! ಈಗ್ಲೇ ತೆಗಿ!"

"ತೆಗೆದ್ರೆ ಪರೀಕ್ಷೆ ಹೋಯ್ತದೆ ಕಣಣ್ಣ" ಎಂದ ಅಪ್ಪ. ಅಣ್ಣನ ಎದುರು ಅಪ್ಪ ಬಾಯಿ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹೋಗ್ಲಿ! ನಾನೆಲ್ ಹಾಡ್ಲಿ?"

"ಬಿಳಿ ಒಂದ್ರಲ್ಲಿ ಹಾಡು" ಎಂದಳು ಅಜ್ಜಿ ಕೂತಲ್ಲಿಂದಲೇ.

"ಇವ್ನ್ ಮನೇಲಾ? ಬಿಳಿ ಎರಡು ನಮ್ಮಪ್ಪಂದು ಕಣವ್ವ!"

"ನಿಮ್ಮಪ್ಪನ್ ಕಥೆ ನಂಗ್ ಹೇಳ್ತೀಯೇನ್ಲಾ? ಐವತ್ತಾದ್ಮೇಲೆ ಅವ್ನ್ ಬಿಳಿ ಒಂದ್ರಲ್ಲೇ ಹಾಡ್ತಿದ್ದಿದ್ದು. ನೀನಾಗ ಬೆಂಗ್ಳೂರಲ್ಲಿ ಹೋಟ್ಲಲ್ ಇದ್ದೆ, ನೋಡಿಲ್ಲ. ನಿಂಗೀಗ ಅರವತ್ತೆರಡು. ಹತ್ತು ವರ್ಷದಿಂದ ಎರಡ್ರಲ್ಲಿ ಕಿರುಚ್ತಾ ಇದೀಯ. ನಂಗೆ ಕಿವಿ ಇಲ್ವಾ? ಇಳಿ."

ಹತ್ತು ವರ್ಷದಿಂದ ಊರಿಗೆಲ್ಲ ಗೊತ್ತಿದ್ದ ಮಾತು ಅದು. ಎಲ್ಲರೂ ಗೋಡೆ ನೋಡಿದರು. ದೊಡ್ಡಪ್ಪ ಅಂಗಡಿ ಮಾವನನ್ನು ನೋಡಿದರು. ಮಾವ ದೊಡ್ಡ ಮನಸ್ಸು ಮಾಡಿ, "ಬಾರಪ್ಪ, ಒಂದಿನಕ್ಕೆ ತಾನೆ, ನೆಂಟರಿದ್ದಂಗೆ ಇದ್ದು ಹೋಗು" ಎಂದರು.

ದೊಡ್ಡಪ್ಪ ಬೆರಳನ್ನು ಹಸಿರು ಬೊಟ್ಟಿಗೆ ಸರಿಸಿದರು. ಷಡ್ಜ ಪಂಚಮ ನಿಂತವು. ಅವರು ಬಾಯಿ ತೆರೆದರು. ನರ ಉಬ್ಬದೆ, ಕಣ್ಣು ಕೆಂಪಾಗದೆ, ಎದೆಯಿಂದ ದನಿ ಬಂತು. ಮೇಲಿನ ಷಡ್ಜಕ್ಕೆ ಹೋದಾಗ ಅವರು ಹೆದರಿ ಕಣ್ಣು ಮುಚ್ಚಿದರು, ಅದು ಸಲೀಸಾಗಿ ಸಿಕ್ಕಿದಾಗ ತೆರೆದರು. ಆ ದಿನ ಅವರು ಪೆಟ್ಟಿಗೆ ಬಿಟ್ಟುಕೊಡಲೇ ಇಲ್ಲ. ಉಸಲಿ ತಣ್ಣಗಾಯಿತು. ಮೇಣದ ಮಾತು ಆಮೇಲೆ ಯಾರೂ ಎತ್ತಲಿಲ್ಲ, ಹೊರಡುವಾಗ ದೊಡ್ಡಪ್ಪ ನನ್ನ ಕಡೆ ನೋಡದೆ, "ಮಂಗಳವಾರ ತೆಗೀಬೇಕು. ಸೋಮವಾರ ಮುಟ್ಟಬ್ಯಾಡ" ಎಂದರು.

ಸೋಮವಾರ ಬಸ್ಸಿನಲ್ಲಿ ಕಂಡಕ್ಟರು ಪೆಟ್ಟಿಗೆಯನ್ನು ಇಂಜಿನ್ ಮೇಲಿಡಲು ಹೇಳಿದ. ಅಪ್ಪ, "ಒಳಗೆ ಮೇಣ ಐತೆ, ಕರಗ್ತದೆ" ಎಂದು ಹಾಸನದವರೆಗೆ ತೊಡೆಯ ಮೇಲೇ ಇಟ್ಟುಕೊಂಡು ಕೂತ. ಪರೀಕ್ಷೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕಾಯುತ್ತೇನೆ ಎಂದ.

ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ವಯಸ್ಸಾದವರು. ಅವರ ಪಕ್ಕ ಮೇಡಂ ಕೂತಿದ್ದರು. ನಾನು ಬಾರಿಸಿದೆ. ಅವರು ಷಡ್ಜ ಗಾಂಧಾರ ಎರಡನ್ನೂ ತಾವೇ ಒತ್ತಿ, ಕಿವಿಯಿಟ್ಟು, ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಮೂಗು ಪೆಟ್ಟಿಗೆಗೆ ತಂದರು.

"ಬೇವಿನೆಣ್ಣೆ ವಾಸನೆ ಬರುತ್ತಲ್ಲಮ್ಮ?"

"ಕಾಲು ಒಡಕಿನ ಮೇಣ ಸರ್."

ಅವರು ತಲೆಯಾಡಿಸಿ ನೀಲಿ ರಟ್ಟಿನ ಪ್ರಬಂಧ ತೆರೆದರು. "ಚೆನ್ನಾಗಿದೆ. ಆದರೆ ನನಗೆ ಬಹಳ ಹಿಡಿಸಿದ್ದು ನಾಲ್ಕನೇ ಅಧ್ಯಾಯ."

ಮೇಡಂ ಕಿಟಕಿಯ ಹೊರಗೆ ನೋಡತೊಡಗಿದರು.

ಶನಿವಾರ ಇಪ್ಪತ್ತು ಜನರ ಎದುರು ಹೇಳಿಕೊಂಡವಳಿಗೆ ಇಬ್ಬರ ಎದುರು ಏನು? "ಸರ್, ತಪ್ಪು ತಿಳೀಬೇಡಿ. ಆ ಅಧ್ಯಾಯದಲ್ಲಿ ಮಂಜು ಅಂತ ಇರೋ ಕಡೆಯೆಲ್ಲ ನಮ್ಮಪ್ಪ ಅಂತ ಓದ್ಕೋಬೇಕು."

ಅವರು ಕನ್ನಡಕ ಸರಿಪಡಿಸಿಕೊಂಡು ಗಟ್ಟಿಯಾಗಿ ಓದಿದರು. "ಬೆಳಗಿನ ಜಾವ ದಟ್ಟವಾಗಿ ಇಳಿಯುವ ನಮ್ಮಪ್ಪ, ಬಿಸಿಲೇರಿದಂತೆ ಕರಗಿ ಕಾಣದಾಗುತ್ತದೆ." ಪುಟ ಮಗುಚಿದರು. "ಈ ಭಾಗದ ಕಾಫಿ ಗಿಡಗಳಿಗೂ ನಮ್ಮಪ್ಪನಿಂದ ಬಹಳ ಅನುಕೂಲವಿದೆ."

ಮೇಡಂ ಸೆರಗನ್ನು ಬಾಯಿಗೆ ತುರುಕಿಕೊಂಡರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಪರೀಕ್ಷಕರು ಅಪ್ಪನನ್ನು ಒಳಗೆ ಕರೆಸಿ, ಕುರ್ಚಿ ಹಾಕಿಸಿ, ಎರಡೂ ಕಡೆ ಹೇಗೆ ಉಜ್ಜಿದ್ದು, ಎಷ್ಟು ಎಳೆ, ಎಂದು ಕೇಳಿ ಬರೆದುಕೊಂಡರು. "ಬುಡ ಕೆರೆದರೆ ಇಳಿಯುತ್ತೆ, ತುದಿ ಕೆರೆದರೆ ಏರುತ್ತೆ ಅಂತ ಎಲ್ಲರೂ ಬರೆದಿದ್ದಾರೆ. ಎರಡನ್ನೂ ಕೆರೆದರೆ ಎಲ್ಲಿತ್ತೋ ಅಲ್ಲೇ ಇರುತ್ತೆ ಅಂತ ಐದು ದಿನ ಮಾಡಿ ತೋರಿಸಿದವರನ್ನು ಇವತ್ತೇ ನೋಡಿದ್ದು" ಎಂದರು. ಅಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದ. ನನಗೂ ಹಾಗೇ ಅನ್ನಿಸುತ್ತದೆ, ಏಕೆಂದರೆ ಪಾಸಿಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ಅಂಕ ಬಂದವು.

ಮಂಗಳವಾರ ಒಂಬತ್ತೂ ರೀಡುಗಳ ಮೇಣ ತೆಗೆದು ಪೆಟ್ಟಿಗೆ ವಾಪಸ್ ಕೊಟ್ಟೆ. ಸಮಪಾಲು ಮರಳಿ ಬಂತು. ದೊಡ್ಡಪ್ಪ ಮಾತ್ರ ಈಗಲೂ ಬಿಳಿ ಒಂದರಲ್ಲೇ ಹಾಡುತ್ತಾರೆ. ಕೇಳಿದರೆ, ಚಳಿ ಕಳೆಯಲಿ, ವಾಪಸ್ ಹೋಗುತ್ತೇನೆ ಎನ್ನುತ್ತಾರೆ. ಎರಡು ಬೇಸಿಗೆ ಕಳೆದಿವೆ.

ಸರ್ಟಿಫಿಕೇಟು ಬರಲು ವರ್ಷ ಹಿಡಿಯಿತು. ಬಂದಿದೆ ಎಂದು ಗೊತ್ತಾದ ದಿನ ಹಾಸನಕ್ಕೆ ಹೋಗಿ, ಕಾಲೇಜಿನ ಆಫೀಸಿನ ಕಿಟಕಿಯಲ್ಲಿ ಎರಡು ಕಡೆ ಸಹಿ ಮಾಡಿ ಪಡೆದೆ. ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿದರೂ ಕಾಗದ ಮಡಿಚಿಹೋದೀತೆಂದು ನಿಂತೇ ಬಂದೆ. ಮನೆಗೆ ಬಂದಾಗ ಅಮ್ಮ ಒಬ್ಬಳೇ ಇದ್ದಳು, ಆಗತಾನೇ ತೋಟದಿಂದ ಬಂದು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಳು. ಅವಳ ಕೈಗೇ ಕೊಟ್ಟೆ. ಅಮ್ಮ ಅದನ್ನು ಎರಡು ಕೈಯಲ್ಲಿ ಹಿಡಿದು, ಮುಂದೆ ನೋಡಿ, ಹಿಂದೆ ತಿರುಗಿಸಿ, ಹಿಂದೆ ಏನೂ ಇಲ್ಲದ್ದನ್ನೂ ನೋಡಿ, ಮತ್ತೆ ಮುಂದೆ ತಿರುಗಿಸಿದಳು.

"ಕುಯ್ಲಿಗೆ ಬರೋ ಹೆಂಗಸ್ರೆಲ್ಲ ನಾಕು ವರ್ಷದಿಂದ ಕೇಳ್ತಾವ್ರೆ, ನಿನ್ ಮಗ್ಳು ಏನ್ ಓದ್ತಾವ್ಳೆ ಅಂತ. ಮುಗೀಲಿ ಹೇಳ್ತೀನಿ ಅಂತ ತಪ್ಪಿಸ್ಕಂಡ್ ಬಂದಿವ್ನಿ. ಈಗ ಹೇಳು ಮಗಾ. ಆ ಪೆಟ್ಟಿಗೆ ರಿಪೇರಿ ಮಾಡಿದ್ದು ನಂಗೂ ಗೊತ್ತು, ಅದ್ ಬುಡು. ಓದಿದ್ದೇನು?"